ಸಾಕಿದ ಮಕಾವ್ ಗಿಳಿಗಳನ್ನು ನಮ್ಮ ಕಾಡಿಗೆ ಬಿಡಬಹುದಾ? ಬ್ರೆಜಿಲ್‌ನಲ್ಲಿ ಬಿಟ್ಟಿದ್ದಾರಲ್ಲ

ಬಾಳೆಲೆ_ಹುಡುಗಿ

ಎಲ್ಲರಿಗೂ ನಮಸ್ಕಾರ. ನಮ್ಮ ಚಿಕ್ಕಪ್ಪನ ಹೋಂಸ್ಟೇಯಲ್ಲಿ ಎರಡು ಮಕಾವ್ ಗಿಳಿಗಳಿವೆ. ನೀಲಿ ಬೆನ್ನು, ಹಳದಿ ಎದೆ, ಉದ್ದ ಬಾಲ. ಮರಿಯಾಗಿದ್ದಾಗಲೇ ತಂದು ಕೈತುತ್ತು ಕೊಟ್ಟು ಸಾಕಿದ್ದು. ಈಗ ಚಿಕ್ಕಪ್ಪನಿಗೆ ಮಂಡಿ ನೋವು ಜಾಸ್ತಿ. ಹೋಂಸ್ಟೇ ಮುಚ್ಚಿ ಮೈಸೂರಿನಲ್ಲಿರುವ ಮಗನ ಮನೆಗೆ ಹೋಗುವ ಯೋಚನೆಯಲ್ಲಿದ್ದಾರೆ. ಅಲ್ಲಿ ಹಕ್ಕಿ ಇಡಲು ಜಾಗ ಇಲ್ಲ.

"ಬ್ರೆಜಿಲ್‌ನಲ್ಲಿ ಪಂಜರದ ಮಕಾವ್‌ಗಳನ್ನು ಕಾಡಿಗೆ ಬಿಟ್ಟರಂತೆ, ಮರಿಯನ್ನೂ ಮಾಡಿವೆಯಂತೆ. ನಾವೂ ನಮ್ಮ ಕೊಡಗಿನ ಬ್ರಹ್ಮಗಿರಿ ಕಾಡಿನ ಕಡೆ ಬಿಟ್ಟುಬಿಡೋಣ, ಪುಣ್ಯ ಬರುತ್ತೆ" ಎನ್ನುತ್ತಿದ್ದಾರೆ. ನನಗೆ ಯಾಕೋ ಮನಸ್ಸು ಒಪ್ಪುತ್ತಿಲ್ಲ. ಆದರೆ ಅವರಿಗೆ ಏನು ಹೇಳಬೇಕು ಅಂತಲೂ ಗೊತ್ತಾಗುತ್ತಿಲ್ಲ. ತಿಳಿದವರು ದಯವಿಟ್ಟು ಹೇಳಿ.

ಕುಶಾಲನಗರ_ರೈಡರ್

ಬಿಟ್ಟುಬಿಡಿ ಅಕ್ಕಾ. ಪಂಜರದಲ್ಲಿ ಐವತ್ತು ವರ್ಷ ಇರುವುದಕ್ಕಿಂತ ನಾಲ್ಕು ದಿನ ಹಾರಿದರೂ ಸಾಕು. ರೆಕ್ಕೆ ಇರುವುದು ಹಾರಲಿಕ್ಕೆ ತಾನೇ.

ತೋಟದಮನೆ

ಐದನೇ ದಿನ ಏನಾಗುತ್ತೆ ತಮ್ಮಾ?

ಯಾರದೋ ಮನೆಯಿಂದ ತಪ್ಪಿಸಿಕೊಂಡ ಇಂಥದ್ದೇ ಹಕ್ಕಿ ನಮ್ಮ ಕಾಫಿ ಕಣಕ್ಕೆ ಬಂದಿತ್ತು. ಕಣದ ಪಕ್ಕದಲ್ಲೇ ಅತ್ತಿ ಮರ. ಕಾಂಡದ ತುಂಬಾ ಹಣ್ಣು. ನಮ್ಮೂರ ಗಿಳಿ, ಪಿಕಳಾರ, ಕುಟ್ರು ಎಲ್ಲವೂ ಗಲಾಟೆ ಮಾಡಿಕೊಂಡು ತಿನ್ನುತ್ತಿದ್ದವು. ಇದು ಅದೇ ಮರದ ಕೆಳಗಿನ ಕೊಂಬೆಯಲ್ಲಿ ಕೂತು ಕೆಳಗೆ ನೋಡುತ್ತಿತ್ತು. ಹಣ್ಣಿಗೆ ಬಾಯಿ ಹಾಕಲಿಲ್ಲ. ಕೆಲಸದವರು ಚಹಾ ಕುಡಿಯಲು ಕೂತ ಕೂಡಲೇ ಇಳಿದು ಬಂದು ಬಿಸ್ಕೆಟ್ ಪೊಟ್ಟಣ ಎಳೆಯಿತು. ಎದೆ ಮುಟ್ಟಿದರೆ ಬರೀ ಮೂಳೆ. ಕೈಗೆ ಹತ್ತಿಸಿಕೊಂಡರೆ ಸುಮ್ನೆ ಬಂದು ಕೂತಿತು. ಗಿಡುಗ ಬಂದಿದ್ದರೂ ಹಾಗೇ ಕೂತಿರುತ್ತಿತ್ತು ಅನ್ನಿಸುತ್ತೆ. ಆಮೇಲೆ ಅದರ ಮನೆಯವರು ಬಂದು ಕರೆದುಕೊಂಡು ಹೋದರು.

ಹಸಿವಿನಿಂದ ಸಾಯುವುದನ್ನು ಸ್ವಾತಂತ್ರ್ಯ ಅನ್ನಲು ನನ್ನಿಂದ ಆಗಲ್ಲ.

ಹಕ್ಕಿ_ಹಿಂದೆ

ಬಾಳೆಲೆಯವರೇ, ನಿಮ್ಮ ಚಿಕ್ಕಪ್ಪ ಕೇಳಿದ ಸುದ್ದಿ ನಿಜ. ಆದರೆ ಅದು ಬೇರೆ ಹಕ್ಕಿ, ಅದರ ಹಿಂದಿನ ಕೆಲಸವೂ ಬೇರೆ. ಪೂರ್ತಿ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತೆ. ಅವರಿಗೂ ಓದಿ ಹೇಳಿ.

ಬ್ರೆಜಿಲ್‌ನಲ್ಲಿ ಬಿಟ್ಟದ್ದು ಸ್ಪಿಕ್ಸ್ ಮಕಾವ್. ನಿಮ್ಮ ಹಕ್ಕಿಗಿಂತ ಚಿಕ್ಕದು, ಬೂದು ಬೆರೆತ ನೀಲಿ. ಬಾಹಿಯಾ ರಾಜ್ಯದ ಕುರಸಾ ಎಂಬ ಊರಿನ ಸುತ್ತಮುತ್ತ ಅದರ ಕೊನೆಯ ನೆಲೆ. ಅದು ನಮ್ಮ ಹಾಗೆ ಮಳೆಕಾಡಲ್ಲ. ಮುಳ್ಳುಕಂಟಿ, ಕಳ್ಳಿ, ಒಣ ನೆಲ. ಆ ಕಾಡಿಗೆ ಕಾಟಿಂಗಾ ಅನ್ನುತ್ತಾರೆ. ಮಳೆ ಬಂದಾಗ ಮಾತ್ರ ಹರಿಯುವ ಹಳ್ಳಗಳ ದಂಡೆಯಲ್ಲಿ ಎತ್ತರದ ಮರಗಳ ಸಾಲು ಇರುತ್ತೆ. ಆ ಮರದ ಪೊಟರೆಯೇ ಇದರ ಗೂಡು. ದಂಡೆಯ ಮರಗಳನ್ನು ಕಡಿದರು. ಹೊಸ ಸಸಿ ಮೇಲೇಳದಂತೆ ಆಡುಗಳು ಮೇಯ್ದವು. ಉಳಿದ ಹಕ್ಕಿಗಳನ್ನು ಹಿಡಿದು ಮಾರಿದರು.

1990ರಲ್ಲಿ ಹುಡುಕಿದಾಗ ಕಾಡಿನಲ್ಲಿ ಸಿಕ್ಕಿದ್ದು ಒಂದೇ ಒಂದು ಗಂಡು. ತನ್ನ ಜಾತಿಯ ಜೊತೆ ಇಲ್ಲದೆ ಇಲ್ಲಿಗರ್ ಮಕಾವ್ ಎಂಬ ಬೇರೆ ಜಾತಿಯ ಹೆಣ್ಣಿನ ಜೊತೆ ಓಡಾಡಿಕೊಂಡಿತ್ತು. 1995ರಲ್ಲಿ ಪಂಜರದಲ್ಲಿದ್ದ ಒಂದು ಹೆಣ್ಣನ್ನು ತಂದು ಅದರ ಹತ್ತಿರ ಬಿಟ್ಟರು. ಕೆಲವೇ ವಾರ. ಕರೆಂಟ್ ತಂತಿಗೆ ಬಡಿದು ಸತ್ತುಹೋಯಿತು. 2000ದಲ್ಲಿ ಆ ಗಂಡೂ ಕಣ್ಮರೆಯಾಯಿತು. 2019ರಲ್ಲಿ ಈ ಜಾತಿ ಕಾಡಿನಲ್ಲಿ ಅಳಿದಿದೆ ಎಂದು ಅಧಿಕೃತವಾಗಿ ಘೋಷಣೆಯಾಯಿತು. ಉಳಿದದ್ದು ಕತಾರ್, ಜರ್ಮನಿ, ಬ್ರೆಜಿಲ್ ಅಂತ ಅಲ್ಲಲ್ಲಿ ಸಾಕಿದ ಹಕ್ಕಿಗಳು. ಅವೆಲ್ಲ ಬೆರಳೆಣಿಕೆಯ ಹಕ್ಕಿಗಳ ಸಂತಾನ. ಹಾಗಾಗಿ ಯಾವುದಕ್ಕೆ ಯಾವುದನ್ನು ಜೋಡಿ ಮಾಡಬೇಕು ಅನ್ನುವುದನ್ನೂ ರಕ್ತಸಂಬಂಧ ನೋಡಿ ತೀರ್ಮಾನಿಸಬೇಕಾಯಿತು.

ಹಕ್ಕಿ ಬರುವುದಕ್ಕೆ ಮೊದಲೇ, 2018ರಲ್ಲಿ, ಬ್ರೆಜಿಲ್ ಸರ್ಕಾರ ಅಲ್ಲಿ ರಕ್ಷಿತ ಪ್ರದೇಶ ಘೋಷಿಸಿತು. 2020ರ ಮಾರ್ಚ್‌ನಲ್ಲಿ ಜರ್ಮನಿಯಿಂದ 52 ಹಕ್ಕಿ ವಿಮಾನದಲ್ಲಿ ಬಂದವು. ಬಂದ ತಕ್ಷಣ ಬಿಡಲಿಲ್ಲ. ಎರಡು ವರ್ಷಕ್ಕೂ ಜಾಸ್ತಿ ಅಲ್ಲೇ ದೊಡ್ಡ ಬಲೆಮನೆಯಲ್ಲಿ ಇಟ್ಟರು. ಆ ಊರಿನ ಬಿಸಿಲು, ಆ ಊರಿನ ಕಾಯಿ ಅಭ್ಯಾಸ ಮಾಡಿಸಿದರು. ಜೊತೆಗೆ ಅದೇ ಇಲ್ಲಿಗರ್ ಮಕಾವ್‌ಗಳನ್ನೂ ಬಿಟ್ಟರು. ಯಾಕೆಂದರೆ ಅವುಗಳಿಗೆ ನೀರು ಎಲ್ಲಿದೆ, ಯಾವ ಕಾಯಿ ಯಾವಾಗ ಹಣ್ಣಾಗುತ್ತೆ, ಗಿಡುಗ ಬಂದರೆ ಹೇಗೆ ಕೂಗಬೇಕು ಅಂತ ಗೊತ್ತು. ನೋಡಿ ಕಲಿಯಲಿ ಅಂತ. 2022ರ ಜೂನ್‌ನಲ್ಲಿ 8 ಸ್ಪಿಕ್ಸ್, 8 ಇಲ್ಲಿಗರ್ ಒಟ್ಟಿಗೆ ಹೊರಗೆ ಹೋದವು. ಬಾಗಿಲು ತೆರೆದು ಕಾದರು, ಯಾರೂ ಓಡಿಸಲಿಲ್ಲ. ಬಿಟ್ಟ ಮೇಲೂ ಹತ್ತಿರದಲ್ಲಿ ಆಹಾರ ಇಡುತ್ತಿದ್ದರು, ಟ್ರಾನ್ಸ್‌ಮಿಟರ್ ಕಟ್ಟಿ ದಿನವೂ ಹಿಂಬಾಲಿಸುತ್ತಿದ್ದರು. ಡಿಸೆಂಬರ್‌ನಲ್ಲಿ ಇನ್ನೂ 12 ಬಿಟ್ಟರು. 2023ರಲ್ಲಿ ಕಾಡಿನಲ್ಲೇ ಮರಿ ಆಯಿತು. ನಿಮ್ಮ ಚಿಕ್ಕಪ್ಪ ಕೇಳಿದ್ದು ಇದನ್ನೇ.

ಆ ಮರಿಗಳ ಸುದ್ದಿ ಬಂದ ದಿನ ನನಗೂ ಬಹಳ ಖುಷಿಯಾಗಿತ್ತು. ಆದರೆ ಅದರ ಹಿಂದೆ ಇಷ್ಟು ಕೆಲಸ ಇದೆ. ಎರಡು ಹಕ್ಕಿ ಜೀಪಿನಲ್ಲಿ ತೆಗೆದುಕೊಂಡು ಹೋಗಿ ಬ್ರಹ್ಮಗಿರಿಯಲ್ಲಿ ಬಾಗಿಲು ತೆಗೆಯುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಸೋಮವಾರಪೇಟೆ_ಟೀಚರ್

ಇಷ್ಟು ವಿವರವಾಗಿ ಬರೆದದ್ದಕ್ಕೆ ಧನ್ಯವಾದ ಸರ್. ನಾಳೆ ಮಕ್ಕಳಿಗೆ ಹೇಳುತ್ತೇನೆ. ಹಳ್ಳದ ದಂಡೆಯ ಆ ಮರ ಯಾವುದು?

ಹಕ್ಕಿ_ಹಿಂದೆ

ಮೇಡಂ, ನೀವು ನೋಡಿರುವ ಮರವೇ. ಬೆಂಗಳೂರಿನ ರಸ್ತೆ ಬದಿಯಲ್ಲಿ ಬೇಸಿಗೆ ಶುರುವಾಗುವಾಗ ಎಲೆ ಇಲ್ಲದೆ ಬರೀ ಹಳದಿ ಹೂವು ತುಂಬಿಕೊಳ್ಳುತ್ತಲ್ಲ, ಟಬೆಬೂಯಾ, ಅದೇ. ಅಲ್ಲಿ ಕರೈಬೇರಾ ಅನ್ನುತ್ತಾರೆ. ನಮ್ಮಲ್ಲಿ ಅಂದಕ್ಕೆ ನೆಟ್ಟಿದ್ದೇವೆ. ಅದರ ಸ್ವಂತ ಊರಿನಲ್ಲಿ ಅದಿಲ್ಲದೆ ಒಂದು ಹಕ್ಕಿಗೆ ಮನೆಯೇ ಇಲ್ಲ. ಮಕ್ಕಳಿಗೆ ಆ ಮರದ ಫೋಟೊ ತೋರಿಸಿ, ಬೇಗ ಹಿಡಿಸುತ್ತೆ.

ಸೋಮವಾರಪೇಟೆ_ಟೀಚರ್

ಗುಜರಾತಿನಲ್ಲೂ ಸ್ಪಿಕ್ಸ್ ಮಕಾವ್ ಇದೆ ಅಂತ ಓದಿದ ನೆನಪು. ನಿಜವಾ?

ಹಕ್ಕಿ_ಹಿಂದೆ

ನಿಜ. 2023ರಲ್ಲಿ, ಈ ಹಕ್ಕಿಗಳನ್ನು ಸಾಕುತ್ತಿದ್ದ ಜರ್ಮನಿಯ ಸಂಸ್ಥೆಯಿಂದ 26 ಹಕ್ಕಿ ಜಾಮ್‌ನಗರದ ಪ್ರಾಣಿ ಕೇಂದ್ರಕ್ಕೆ ಬಂದವು. ತನ್ನನ್ನು ಕೇಳದೆ ಕಳಿಸಿದರು ಅಂತ ಬ್ರೆಜಿಲ್ ಆಕ್ಷೇಪ ಎತ್ತಿತು. 2024ರಲ್ಲಿ ಆ ಜರ್ಮನ್ ಸಂಸ್ಥೆಯ ಜೊತೆಗಿನ ಒಪ್ಪಂದವನ್ನೂ ಮುಂದುವರಿಸಲಿಲ್ಲ. ಹಕ್ಕಿ ಉಳಿಸುವ ಕೆಲಸದಲ್ಲಿ ಅದು ಯಾರ ವಶದಲ್ಲಿದೆ, ಯಾರು ತೀರ್ಮಾನ ಮಾಡುತ್ತಾರೆ ಅನ್ನುವ ಜಗಳವೂ ದೊಡ್ಡದೇ.

ಕುಶಾಲನಗರ_ರೈಡರ್

ಸರ್, ಒಂದು ಪ್ರಶ್ನೆ. ಅರ್ಜೆಂಟೀನಾದಲ್ಲಿ ಝೂನಲ್ಲಿದ್ದ ಮಕಾವ್‌ಗಳನ್ನೇ ಬಿಟ್ಟಿದ್ದಾರೆ. ಅವೂ ಜನರ ಕೈಯಲ್ಲಿ ಬೆಳೆದವೇ ಅಲ್ವಾ? ಅವು ಬದುಕಿದರೆ ಇವು ಯಾಕೆ ಬದುಕಲ್ಲ?

ಹಕ್ಕಿ_ಹಿಂದೆ

ಒಳ್ಳೆ ಪ್ರಶ್ನೆ. ಅದು ಇಬೆರಾ ಎಂಬ ದೊಡ್ಡ ಜೌಗು ಪ್ರದೇಶ. ಕೆಂಪು ಹಸಿರು ಮಕಾವ್ ಅಲ್ಲಿಂದ ಮಾಯವಾಗಿ ನೂರು ವರ್ಷಕ್ಕೂ ಮೇಲಾಗಿತ್ತು. 2015ರಲ್ಲಿ ಮೊದಲ ತಂಡ ಬಿಟ್ಟರು. ಝೂ ಮತ್ತು ಮನೆಗಳಲ್ಲಿ ಇದ್ದ ಹಕ್ಕಿಗಳು. ಸರಿಯಾಗಿ ಹಾರಲು ರೆಕ್ಕೆಯಲ್ಲಿ ಬಲವೇ ಇರಲಿಲ್ಲ. ಮೊದಲ ಪ್ರಯತ್ನ ಕೈಗೂಡಲಿಲ್ಲ.

ಅದಾದ ಮೇಲೆ ಅವರು ಶಾಲೆಯನ್ನೇ ಶುರು ಮಾಡಿದರು ಅನ್ನಬಹುದು. ಉದ್ದನೆಯ ಬಲೆಮನೆಯಲ್ಲಿ ಈ ತುದಿಯಿಂದ ಆ ತುದಿಗೆ ದಿನಾ ಹಾರಿಸಿ ಎದೆಯ ಮಾಂಸಖಂಡ ಗಟ್ಟಿ ಮಾಡಿಸುವುದು. ಆ ಕಾಡಿನ ಕಾಯಿಗಳನ್ನು ಕೊಂಬೆ ಸಮೇತ ತಂದು ಕಟ್ಟುವುದು, ಬಟ್ಟಲಲ್ಲಿ ಹೆಚ್ಚಿ ಕೊಡುವುದಲ್ಲ. ಶತ್ರು ಪ್ರಾಣಿ ಕಂಡರೆ ಹೆದರಿ ಮೇಲೆ ಹಾರಬೇಕು ಅಂತ ಕಲಿಸುವುದು. ಪಾಸಾದ ಹಕ್ಕಿ ಮಾತ್ರ ಹೊರಗೆ. 2020ರಲ್ಲಿ ಅಲ್ಲಿ ಕಾಡಿನಲ್ಲಿ ಮರಿ ಹುಟ್ಟಿತು. ಹಾಗಾಗಿ ಕೈಯಲ್ಲಿ ಬೆಳೆದ ಹಕ್ಕಿ ಬದುಕುವುದೇ ಇಲ್ಲ ಅಂತ ನಾನು ಹೇಳಲ್ಲ. ಅದರದೇ ಊರು ಬೇಕು, ಕಲಿಸುವವರು ಬೇಕು, ಗುಂಪು ಬೇಕು.

ಬಾಳೆಲೆಯವರ ಹಕ್ಕಿಯ ಜಾತಿಯನ್ನೇ ಟ್ರಿನಿಡಾಡ್ ದ್ವೀಪದಲ್ಲಿ ವಾಪಸ್ ತಂದಿದ್ದಾರೆ. ಅಲ್ಲಿನ ನರೀವಾ ಜೌಗಿನಲ್ಲಿ ಅವು ಅಳಿದುಹೋಗಿದ್ದವು. 1999ರಲ್ಲಿ ಗಯಾನಾ ದೇಶದ ಕಾಡು ಹಕ್ಕಿಗಳನ್ನೇ ತಂದು ಬಿಟ್ಟರು. ಬದುಕುವುದು ಗೊತ್ತಿದ್ದ ಹಕ್ಕಿಗಳು. ಅವು ಅಲ್ಲೇ ನೆಲೆಯಾಗಿ ಮರಿ ಮಾಡಿದವು.

ಇನ್ನೊಂದು ವಿಷಯ. ನೀಲಿ ಹಳದಿ ಮಕಾವ್ ದಕ್ಷಿಣ ಅಮೆರಿಕದಲ್ಲಿ ಇಂದೂ ಬೇಕಾದಷ್ಟಿದೆ. ಅಳಿವಿನ ಅಂಚಿನ ಪಟ್ಟಿಯಲ್ಲಿ ಇಲ್ಲ. ಇವನ್ನು ಕೊಡಗಿನಲ್ಲಿ ಬಿಟ್ಟರೆ ಆ ಜಾತಿಗೆ ಏನೂ ಲಾಭ ಇಲ್ಲ, ನಮ್ಮ ಕಾಡಿಗೂ ಇಲ್ಲ.

ತೋಟದಮನೆ

ನರ್ಸರಿಯ ಕಾಫಿ ಗಿಡವನ್ನೂ ನಾವು ನೇರ ಬಿಸಿಲಿಗೆ ನೆಡಲ್ಲ. ಚಪ್ಪರದ ನೆರಳನ್ನು ಸ್ವಲ್ಪ ಸ್ವಲ್ಪ ತೆಗೆದು ಗಟ್ಟಿ ಮಾಡಿಯೇ ನೆಡುವುದು. ಜೀವ ಇರುವ ಹಕ್ಕಿಗೆ ಅಷ್ಟಾದರೂ ಬೇಡವಾ.

ವೆಟ್_ಗೋಣಿಕೊಪ್ಪ

ನಾನು ಪಶುವೈದ್ಯ. ಎಲ್ಲಕ್ಕಿಂತ ಮುಖ್ಯವಾದ ವಿಷಯ ರೋಗ.

ಗಿಳಿ ಜಾತಿಗೆ ಬರುವ ಒಂದು ವೈರಸ್ ಇದೆ, ಸರ್ಕೋವೈರಸ್. ಗರಿ ಉದುರುತ್ತೆ, ಹೊಸ ಗರಿ ಮುರುಟಿಕೊಂಡು ಬರುತ್ತೆ, ಕೊಕ್ಕು ಹಾಳಾಗುತ್ತೆ, ರೋಗನಿರೋಧಕ ಶಕ್ತಿ ಕುಸಿಯುತ್ತೆ. ಔಷಧ ಇಲ್ಲ. ಗರಿಯ ಧೂಳಿನಲ್ಲಿ, ಹಿಕ್ಕೆಯಲ್ಲಿ ಹರಡುತ್ತೆ. ಗೂಡಿನ ಪೊಟರೆಯಲ್ಲಿ ಬಹಳ ಕಾಲ ಉಳಿಯುತ್ತೆ. ನೋಡಲು ಚೆನ್ನಾಗಿರುವ ಹಕ್ಕಿಯೂ ಹೊತ್ತುಕೊಂಡು ತಿರುಗಬಹುದು.

ಮೇಲೆ ಹೇಳಿದ ಸ್ಪಿಕ್ಸ್ ಯೋಜನೆಗೆ 2025ರಲ್ಲಿ ಬಿದ್ದ ಪೆಟ್ಟು ಇದೇ. ಕುರಸಾದ ಹಕ್ಕಿಗಳಲ್ಲಿ ಈ ವೈರಸ್ ಕಾಣಿಸಿಕೊಂಡಿತು. ಕಾಡಿನಲ್ಲಿ ಹಾರುತ್ತಿದ್ದ ಹಕ್ಕಿಗಳನ್ನು ಮತ್ತೆ ಹಿಡಿದು ಒಳಗೆ ತರಬೇಕಾಯಿತು. ಅಷ್ಟು ವಿಜ್ಞಾನಿಗಳು, ಅಷ್ಟು ಹಣ, ಅಷ್ಟು ವರ್ಷದ ತಯಾರಿ ಇದ್ದೂ ಹೀಗಾಯಿತು.

ಈಗ ಯೋಚನೆ ಮಾಡಿ. ನಮ್ಮ ತೋಟದಲ್ಲಿ ಕಿರುಚಿಕೊಂಡು ಗುಂಪಾಗಿ ಹಾರುವ ನೀಲಿ ರೆಕ್ಕೆಯ ಗಿಳಿ ಪಶ್ಚಿಮಘಟ್ಟದಲ್ಲಿ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಪರೀಕ್ಷೆ ಮಾಡಿಸದ ಎರಡು ಸಾಕುಹಕ್ಕಿಗಳನ್ನು ಅವುಗಳ ಮಧ್ಯೆ ಬಿಡುವ ಧೈರ್ಯ ನನಗಂತೂ ಇಲ್ಲ.

ಬಾಳೆಲೆಯವರೇ, ಹಕ್ಕಿಗಳಿಗೆ ಏನು ತಿನ್ನಿಸುತ್ತಿದ್ದಾರೆ?

ಬಾಳೆಲೆ_ಹುಡುಗಿ

ಸೂರ್ಯಕಾಂತಿ ಬೀಜ ಡಾಕ್ಟ್ರೇ. ಹಣ್ಣು ತೋಟದ್ದೇ. ಬಾಳೆ, ಪಪ್ಪಾಯ, ಸೀಬೆ. ಬೆಣ್ಣೆಹಣ್ಣು ಬಿಡುವ ಕಾಲದಲ್ಲಿ ಅದನ್ನೂ ಕೊಡಬೇಕು ಅಂತ ಚಿಕ್ಕಪ್ಪ ಹೇಳುತ್ತಿದ್ದರು, ಮರದ ತುಂಬಾ ಇರುತ್ತೆ.

ವೆಟ್_ಗೋಣಿಕೊಪ್ಪ

ಬೆಣ್ಣೆಹಣ್ಣು ಬೇಡವೇ ಬೇಡ! ಗಿಳಿ ಜಾತಿಗೆ ಅದು ವಿಷ. ತಿರುಳು, ಸಿಪ್ಪೆ, ಬೀಜ, ಎಲೆ ಯಾವುದೂ ಬೇಡ. ಹೃದಯಕ್ಕೆ ಹೊಡೆಯುತ್ತೆ. ಕೊಡಗಿನಲ್ಲಿ ಮನೆಗೊಂದು ಬೆಣ್ಣೆಹಣ್ಣಿನ ಮರ ಇರುವುದರಿಂದ ಇದನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕು. ಚಾಕೊಲೇಟ್, ಕಾಫಿ ಕೂಡ ಕೊಡಬಾರದು. ಹೋಂಸ್ಟೇ ಅತಿಥಿಗಳು ಪ್ರೀತಿಯಿಂದ ಕೊಟ್ಟುಬಿಡುತ್ತಾರೆ, ನೋಡಿಕೊಳ್ಳಿ.

ಸೂರ್ಯಕಾಂತಿ ಬೀಜ ಬರೀ ಎಣ್ಣೆ. ಅದೇ ಊಟವಾದರೆ ಪಿತ್ತಜನಕಾಂಗದಲ್ಲಿ ಕೊಬ್ಬು ಕಟ್ಟುತ್ತೆ. ಮೊಳಕೆ ಕಾಳು, ಕ್ಯಾರೆಟ್, ಸೊಪ್ಪು, ಗಿಳಿಗಳಿಗೆಂದೇ ಬರುವ ಪೆಲೆಟ್ ಕಡೆಗೆ ನಿಧಾನವಾಗಿ ತಿರುಗಿಸಿ. ಒಂದೇ ದಿನದಲ್ಲಿ ಬದಲಾಯಿಸಬೇಡಿ, ಊಟ ಬಿಟ್ಟುಬಿಡುತ್ತವೆ.

ಪರೀಕ್ಷೆಗೆ ಗರಿ ಮತ್ತು ರಕ್ತದ ಮಾದರಿ ಸಾಕು. ಗಿಳಿಯಿಂದ ಮನುಷ್ಯರಿಗೆ ಬರುವ ಸಿಟಕೋಸಿಸ್‌ಗೂ ಒಟ್ಟಿಗೆ ನೋಡಿಸಿ. ಪಂಜರ ಗುಡಿಸುವವರಿಗೆ ಬಿಡದ ಜ್ವರ, ಕೆಮ್ಮು ಬಂದರೆ ಮನೆಯಲ್ಲಿ ಗಿಳಿ ಇದೆ ಅಂತ ವೈದ್ಯರಿಗೆ ಹೇಳಲಿ.

ಜೇನುಕಲ್ಲು

ಎಲ್ಲರೂ ಬರೆದದ್ದು ಓದಿದೆ. ಬೇಜಾರು ಮಾಡಿಕೊಳ್ಳಬೇಡಿ, ನೇರವಾಗಿ ಕೇಳುತ್ತೇನೆ. ಬ್ರೆಜಿಲ್ ಗಿಳಿಗೆ ಇಷ್ಟು ಖರ್ಚು, ಇಷ್ಟು ಪ್ರೀತಿ. ಅಲ್ಲಿನ ಬಡ ರೈತನನ್ನು ಯಾರಾದರೂ ಕೇಳಿದರಾ? ಇಲ್ಲಿ ನಮ್ಮ ಗದ್ದೆಗೆ ಗಿಳಿ ಬೀಳುತ್ತೆ, ಬಾಳೆಗೆ ಆನೆ ಬೀಳುತ್ತೆ. ಪರಿಹಾರದ ಅರ್ಜಿ ಹಿಡಿದುಕೊಂಡು ಅಲೆಯುವುದು ನಾವು. ಸಂರಕ್ಷಣೆ ಅಂದ ಕೂಡಲೇ ನನಗೆ ಮೊದಲು ಬರುವುದು ಭಯ.

ಹಕ್ಕಿ_ಹಿಂದೆ

ಬೇಜಾರು ಯಾಕೆ ಅಣ್ಣಾ. ಮಕಾವ್ ಕೆಲಸ ಎಲ್ಲಿ ಗೆದ್ದಿದೆಯೋ ಅಲ್ಲೆಲ್ಲ ಈ ಪ್ರಶ್ನೆಗೆ ಉತ್ತರ ಹುಡುಕಿದ್ದಾರೆ.

ಲಿಯರ್ ಮಕಾವ್ ಅಂತ ಇನ್ನೊಂದು ನೀಲಿ ಹಕ್ಕಿ. ಅದೂ ಬಾಹಿಯಾದ್ದೇ. ಕೆಂಪು ಕಲ್ಲಿನ ಕಡಿದಾದ ಬಂಡೆಗಳ ಬಿಲದಲ್ಲಿ ಗೂಡು. ಊಟ ಲಿಕುರಿ ಎಂಬ ಈಚಲಿನಂಥ ಮರದ ಕಾಯಿ. ಕಾಡಿನಲ್ಲಿ ಇದು ಎಲ್ಲಿದೆ ಅಂತ ವಿಜ್ಞಾನಿಗಳಿಗೆ ಗೊತ್ತಾದದ್ದೇ 1978ರಲ್ಲಿ. ಆಗ ಸಂಖ್ಯೆ ನೂರೂ ಇರಲಿಲ್ಲ. ಲಿಕುರಿ ಮರಗಳು ದನ ಕಾಯುವ ಹುಲ್ಲುಗಾವಲಾದವು. ಹೊಟ್ಟೆಗೆ ಸಾಲದೆ ಹಕ್ಕಿಗಳು ಮೆಕ್ಕೆಜೋಳದ ಹೊಲಕ್ಕೆ ಇಳಿದವು. ರೈತರು ಬಂದೂಕು ಹಿಡಿದರು. ಅವರಾದರೂ ಏನು ಮಾಡಬೇಕು?

ಹಾನಿಯಾದಷ್ಟು ಜೋಳವನ್ನು ರೈತರಿಗೆ ಮೂಟೆಯಲ್ಲೇ ವಾಪಸ್ ಕೊಡುವ ಯೋಜನೆ ಶುರುವಾಯಿತು. ಜೋಳ ಹೋದರೆ ಜೋಳ. ಅದರ ಜೊತೆಗೆ ಕಳ್ಳಸಾಗಣೆ ತಡೆದರು, ಬಂಡೆಗಳನ್ನು ಕಾದರು. ಈಗ ಆ ಹಕ್ಕಿ ಸಾವಿರ ದಾಟಿದೆ. ಬೊಕೆರಾವ್ ದ ಒನ್ಸಾ ಎಂಬ ಇನ್ನೊಂದು ಜಾಗದಲ್ಲಿ ಎರಡೇ ಎರಡು ಉಳಿದಿದ್ದವು. ಅಲ್ಲಿಗೆ 2019ರಿಂದ ಸಾಕಿ ತಯಾರು ಮಾಡಿದ ಹಕ್ಕಿಗಳನ್ನು ಸೇರಿಸುತ್ತಿದ್ದಾರೆ.

ಬೊಲಿವಿಯಾದ ನೀಲಿ ಕೊರಳಿನ ಮಕಾವ್ ಕಥೆ ಕೇಳಿ. ಅಲ್ಲಿ ಊರ ಹಬ್ಬದ ಕುಣಿತಕ್ಕೆ ತಲೆಗೆ ಮಕಾವ್ ಬಾಲದ ಗರಿಗಳ ಕಿರೀಟ ಕಟ್ಟುತ್ತಾರೆ. ಒಂದು ಕಿರೀಟಕ್ಕೆ ಹಲವು ಹಕ್ಕಿ ಬೇಕು. ಆರ್ಮೋನಿಯಾ ಎಂಬ ಸಂಸ್ಥೆ ಕುಣಿತ ನಿಲ್ಲಿಸಿ ಅನ್ನಲಿಲ್ಲ. ಬಟ್ಟೆ ಮತ್ತು ಬೇರೆ ಸಾಮಗ್ರಿಯಿಂದ ಗರಿ ಮಾಡುವುದನ್ನು ಊರವರ ಜೊತೆ ಕೂತು ಕಲಿಸಿತು. ಕುಣಿತ ಉಳಿಯಿತು, ಹಕ್ಕಿಗಳೂ ಉಳಿದವು. ನಮ್ಮ ಅರುಣಾಚಲದಲ್ಲಿ ನಿಶಿ ಜನ ತಲೆಯ ಟೊಪ್ಪಿಗೆ ಮಂಗಟ್ಟೆಯ (ಹಾರ್ನ್‌ಬಿಲ್) ಕೊಕ್ಕಿನ ಬದಲು ಫೈಬರ್ ಕೊಕ್ಕು ಕಟ್ಟುವುದಕ್ಕೆ ಒಪ್ಪಿಕೊಂಡದ್ದೂ ಹೀಗೆಯೇ. ಊರಿನವರ ಹಬ್ಬ, ಊರಿನವರ ಬೆಳೆ ಎರಡನ್ನೂ ಗೌರವಿಸದೆ ಯಾವ ಹಕ್ಕಿಯೂ ಉಳಿಯಲ್ಲ ಅಂತ ನಾನು ನಂಬುತ್ತೇನೆ.

ಜೇನುಕಲ್ಲು

ಜೋಳ ಹೋದರೆ ಜೋಳ. ಈ ಮಾತು ಇಷ್ಟವಾಯಿತು. ನಮ್ಮಲ್ಲೂ ಭತ್ತ ಹೋದರೆ ಭತ್ತ, ಅದೇ ವಾರದಲ್ಲಿ ಕೊಟ್ಟರೆ ಅರ್ಧ ಸಿಟ್ಟು ಇಳಿಯುತ್ತೆ.

ತೋಟದಮನೆ

ಹಕ್ಕಿ ಹಿಂದೆ ಸರ್, ದೊಡ್ಡ ನೀಲಿ ಮಕಾವ್ ಬಗ್ಗೆ ಬರೆಯಿರಿ. ಖಾಸಗಿ ಜಮೀನಿನಲ್ಲೇ ಅದನ್ನು ಉಳಿಸಿದರು ಅಂತ ಒಮ್ಮೆ ಹೇಳಿದ್ದಿರಿ. ನಮ್ಮಂಥ ತೋಟದವರಿಗೆ ಅದೇ ಬೇಕಾದ ವಿಷಯ.

ಹಕ್ಕಿ_ಹಿಂದೆ

ಹಯಸಿಂತ್ ಮಕಾವ್. ಹಾರುವ ಗಿಳಿಗಳಲ್ಲಿ ಅತಿ ಉದ್ದದ್ದು, ಕೊಕ್ಕಿನಿಂದ ಬಾಲದ ತುದಿಗೆ ಸುಮಾರು ಒಂದು ಮೀಟರ್. ಪಂತನಾಲ್ ಎಂಬ ಜೌಗು ಬಯಲಿನಲ್ಲಿ ಜಾಸ್ತಿ. ಅಲ್ಲಿನ ನೆಲ ಹೆಚ್ಚಿನದೆಲ್ಲ ದನ ಸಾಕುವ ಎಸ್ಟೇಟ್‌ಗಳದ್ದು. 1980ರ ದಶಕದಲ್ಲಿ ಸಾವಿರಾರು ಹಕ್ಕಿಗಳನ್ನು ಹಿಡಿದು ಮಾರಿದ್ದರು. ಪಂತನಾಲ್‌ನಲ್ಲಿ ಸುಮಾರು 1,500 ಉಳಿದಿದ್ದಾಗ, 1990ರಲ್ಲಿ, ನೇವಾ ಗೆಡೆಸ್ ಎಂಬ ಜೀವವಿಜ್ಞಾನಿ ಕೆಲಸ ಶುರು ಮಾಡಿದರು. ಈಗ ಅಲ್ಲಿ 5,000 ದಾಟಿವೆ.

ಅವರು ಮೊದಲು ಮಾಡಿದ್ದು ಮರ ಹತ್ತಿ ಪೊಟರೆ ನೋಡುವ ಕೆಲಸ. ಹತ್ತರಲ್ಲಿ ಒಂಬತ್ತು ಗೂಡು ಒಂದೇ ಜಾತಿಯ ಮರದಲ್ಲಿ, ಅಲ್ಲಿ ಮಂಡೂವಿ ಅನ್ನುತ್ತಾರೆ. ಮೆದು ಮರ, ಬೇಗ ಟೊಳ್ಳಾಗುತ್ತೆ. ಆದರೂ ಇಷ್ಟು ದೊಡ್ಡ ಹಕ್ಕಿ ಹಿಡಿಸುವ ಪೊಟರೆಗೆ ಮರಕ್ಕೆ ಕಡಿಮೆ ಅಂದರೂ 60 ವರ್ಷ ಆಗಬೇಕು. ಇವತ್ತು ನೆಟ್ಟರೆ ಮೊಮ್ಮಕ್ಕಳ ಕಾಲಕ್ಕೆ ಗೂಡು. ಅಲ್ಲಿಯ ತನಕ ಏನು ಮಾಡುವುದು? ಹಲಗೆಯ ಪೆಟ್ಟಿಗೆ ಮಾಡಿ ಮರಕ್ಕೆ ಕಟ್ಟಿದರು. ಬಾಯಿ ತೀರಾ ಅಗಲವಾದ ಪೊಟರೆಗಳನ್ನು ಹಲಗೆಯಿಂದ ಚಿಕ್ಕದು ಮಾಡಿದರು. ಕಾಂಡಕ್ಕೆ ತಗಡು ಸುತ್ತಿ ಮರ ಹತ್ತುವ ಪ್ರಾಣಿಗಳನ್ನು ತಡೆದರು. ಎಸ್ಟೇಟ್ ಮಾಲೀಕರು, ದನ ಕಾಯುವವರು ಮಂಡೂವಿ ಮರ ಕಡಿಯದಂತೆ, ಗೂಡು ಎಲ್ಲಿದೆ ಅಂತ ತಿಳಿಸುವಂತೆ ಮನಸ್ಸು ಒಲಿಸಿದರು.

ಅಲ್ಲಿ ಟುಕಾನ್ ಅಂತ ದೊಡ್ಡ ಕೊಕ್ಕಿನ ಹಕ್ಕಿ ಇದೆ. ಮಕಾವ್ ಮೊಟ್ಟೆ ಕದ್ದು ತಿನ್ನುವುದರಲ್ಲಿ ಅದೇ ಮುಂದು. ಆದರೆ ಮಂಡೂವಿ ಬೀಜವನ್ನು ದೂರ ಒಯ್ದು ಹಾಕುವುದರಲ್ಲೂ ಮುಕ್ಕಾಲಿಗಿಂತ ಜಾಸ್ತಿ ಕೆಲಸ ಅದರದ್ದೇ. ಮೊಟ್ಟೆ ಕಳ್ಳ ಅಂತ ಅದನ್ನು ಓಡಿಸಿದರೆ ಮುಂದಿನ ಗೂಡಿನ ಮರವೇ ಹುಟ್ಟಲ್ಲ.

ಊಟದ ವಿಷಯ ಇನ್ನೂ ಚೆನ್ನಾಗಿದೆ. ಹಯಸಿಂತ್ ಎರಡೇ ಜಾತಿಯ ತಾಳೆ ಕಾಯಿ ನೆಚ್ಚಿಕೊಂಡಿದೆ. ಕಲ್ಲಿನಂಥ ಚಿಪ್ಪು. ದನಗಳು ಹಣ್ಣು ನುಂಗಿ ತಿರುಳು ಜೀರ್ಣ ಮಾಡಿಕೊಂಡು ಕಾಯಿ ಹೊರಗೆ ಹಾಕುತ್ತವೆ. ಹಕ್ಕಿಗಳು ದೊಡ್ಡಿಯ ಹತ್ತಿರ ಇಳಿದು ಆ ಶುಚಿಯಾದ ಕಾಯಿಗಳನ್ನು ಆರಿಸುತ್ತವೆ. ಕೊಕ್ಕಿನಲ್ಲಿ ಕಾಯಿ ತಿರುಗಿಸಿ, ಜಾರದಂತೆ ಒಂದು ಚೂರು ಎಲೆ ಅಡ್ಡ ಇಟ್ಟುಕೊಂಡು, ಗರಗಸದಿಂದ ಕೊಯ್ದ ಹಾಗೆ ಸೀಳುತ್ತವೆ.

ತೋಟದಮನೆ

60 ವರ್ಷ ಅನ್ನುವ ಮಾತು ಓದಿ ನಮ್ಮ ತೋಟದ ಮರಗಳು ಕಣ್ಣ ಮುಂದೆ ಬಂದವು. ನಾನೂ ಸ್ವಲ್ಪ ಬರೆಯುತ್ತೇನೆ.

ಕೊಡಗಿನಲ್ಲಿ ಕಾಡಿನ ಹೊರಗೆ ಇರುವ ದೊಡ್ಡ ಮರಗಳು ಹೆಚ್ಚಿನವು ನಮ್ಮ ಕಾಫಿ ತೋಟದಲ್ಲೇ. ಬಳಂಜಿ, ನಂದಿ, ಬೀಟೆ, ಹಲಸು, ಗೋಣಿ, ಬಸರಿ. ಇವನ್ನು ತೆಗೆದು ಸಿಲ್ವರ್ ಓಕ್ ಹಾಕುತ್ತಾ ಬಂದಿದ್ದೇವೆ. ಯಾಕೆ? ಬೇಗ ಬೆಳೆಯುತ್ತೆ, ನೆಟ್ಟಗೆ ಹೋಗುತ್ತೆ, ಮೆಣಸಿನ ಬಳ್ಳಿ ಹಬ್ಬಿಸಲು ಸುಲಭ. ಎಲ್ಲಕ್ಕಿಂತ ಮುಖ್ಯ, ಕಡಿದು ಮಾರಲು ತಾಪತ್ರಯ ಇಲ್ಲ. ಕಾಡುಜಾತಿ ಮರವಾದರೆ ಅರ್ಜಿ, ಸರ್ವೆ, ಓಡಾಟ. ಬಾಣೆ ಜಾಗವಾದರೆ (ಹಿಂದೆ ಗದ್ದೆಯ ಜೊತೆಗೆ ಸೊಪ್ಪು, ಸೌದೆಗೆ ಅಂತ ಕೊಟ್ಟ ಕಾಡು ಜಾಗ) ಮರದ ಹಕ್ಕು ಯಾರದು ಅನ್ನುವುದೇ ತಕರಾರು. ತಾನೇ ಬೆಳೆಸಿದ ಮರ ತನ್ನದಲ್ಲ ಅಂತ ಕಾನೂನು ಹೇಳಿದರೆ ಯಾವ ಬೆಳೆಗಾರ ಆ ಸಸಿಯನ್ನು ಮೇಲೇಳಲು ಬಿಡುತ್ತಾನೆ? ಇದನ್ನು ಸರಿ ಮಾಡದೆ ಬೆಳೆಗಾರರಿಗೆ ಬುದ್ಧಿ ಹೇಳಿ ಪ್ರಯೋಜನ ಇಲ್ಲ.

ನಮ್ಮ ಏಲಕ್ಕಿ ಹಳ್ಳದ ಹತ್ತಿರ ಒಂದು ಮುದಿ ಬಳಂಜಿ ಇದೆ. ತುದಿ ಒಣಗಿದೆ. ಮರಗಸಿ ಮಾಡುವವರು (ನೆರಳಿನ ಮರದ ಕೊಂಬೆ ಕಡಿಯುವವರು) ಪ್ರತಿ ವರ್ಷ ಕೇಳುತ್ತಾರೆ, ಕಡಿದು ಬಿಡೋಣ, ಬಿದ್ದರೆ ಕಾಫಿ ಹಾಳು ಅಂತ. ಅದರಲ್ಲಿ ಕೆಳಗಿನಿಂದ ಲೆಕ್ಕ ಹಾಕಿದರೆ ಮೊದಲು ತುಡುವೆ ಜೇನು. ಅದರ ಮೇಲೆ ಮರಕುಟಿಗ ಕೊರೆದ ಹಳೆ ತೂತಿನಲ್ಲಿ ಗಿಳಿ. ಇನ್ನೂ ಮೇಲೆ ಕೊಂಬೆ ಮುರಿದ ಕಡೆ ದೊಡ್ಡ ಪೊಟರೆ, ಅಲ್ಲಿ ಮಂಗಟ್ಟೆ. ಹೆಣ್ಣು ಒಳಗೆ ಕೂತು ಬಾಯಿ ಮುಚ್ಚಿಕೊಂಡರೆ ಮೂರು ನಾಲ್ಕು ತಿಂಗಳು ಹೊರಗೆ ಬರಲ್ಲ. ಗಂಡು ಹಣ್ಣು ತಂದು ಸೀಳಿನಲ್ಲಿ ಒಂದೊಂದೇ ಕೊಡುತ್ತೆ. ಬುಡದಲ್ಲಿ ಉಗಿದ ಬೀಜಗಳು ಮೊಳೆತು ಹಾಸಿಗೆಯಾಗಿರುತ್ತವೆ. ಅಂಥ ಮರಕ್ಕೆ ಕೊಡಲಿ ಹಾಕಲು ನಾನು ಬಿಡಲಿಲ್ಲ. ಬಿದ್ದರೆ ಹತ್ತು ಕಾಫಿ ಗಿಡ ಹೋಗಬಹುದು. ಹೋಗಲಿ.

ಸೋಮವಾರಪೇಟೆ_ಟೀಚರ್

ಹೋಗಲಿ ಅಂದಿರಲ್ಲ, ಕಣ್ಣು ತುಂಬಿ ಬಂತು ಸರ್. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಕೆಲವಂತೂ ಅರ್ಧ ಎಕರೆಯೂ ಇಲ್ಲ. ಆದರೆ ಹಳೆಯ ಟೊಳ್ಳು ಮರಗಳು ಅಲ್ಲೇ ಉಳಿದಿವೆ. ತೋಟದ ನಡುವೆ ನಿಮ್ಮಂಥ ಮರಗಳೂ ಇದ್ದರೆ ಹಕ್ಕಿಗೆ ಒಂದು ದೇವರಕಾಡಿನಿಂದ ಇನ್ನೊಂದಕ್ಕೆ ದಾರಿ. ನಮ್ಮ ಶಾಲೆ ಹತ್ತಿರದ ದೇವರಕಾಡಿನಲ್ಲಿ ಮಕ್ಕಳ ಜೊತೆ ಪೊಟರೆ ಇರುವ ಮರಗಳ ಪಟ್ಟಿ ಮಾಡಬೇಕು ಅನ್ನಿಸುತ್ತಿದೆ. ಮರ ಹತ್ತುವುದು ಬೇಡ, ಕೆಳಗಿನಿಂದ ನೋಡಿ ಬರೆಯುವುದು.

ಹಕ್ಕಿ_ಹಿಂದೆ

ಖಂಡಿತ ಮಾಡಿ ಮೇಡಂ. ಜನವರಿಯಿಂದ ಮಾರ್ಚ್ ಒಳ್ಳೆ ಸಮಯ, ಗಿಳಿಗಳು ಗೂಡು ಮಾಡುವ ಕಾಲ. ಗೂಡಿನ ಹತ್ತಿರ ಜಾಸ್ತಿ ಹೊತ್ತು ನಿಲ್ಲಬೇಡಿ. ಫೋಟೊ, ಜಾಗದ ಹೆಸರು ಎಲ್ಲೂ ಹಾಕಬೇಡಿ. ಮರಿ ಕದಿಯುವವರು ಅದನ್ನೇ ಹುಡುಕುತ್ತಿರುತ್ತಾರೆ.

ಕುಶಾಲನಗರ_ರೈಡರ್

ಟೀಚರ್, ಪಟ್ಟಿ ಮಾಡುವಾಗ ನಾನೂ ಬರುತ್ತೇನೆ. ಬೈನಾಕ್ಯುಲರ್ ಇದೆ. ಒಂದು ಪ್ರಶ್ನೆ ಎಲ್ಲರಿಗೂ: ನಮ್ಮ ಗಿಳಿಗೂ ಪೆಟ್ಟಿಗೆ ಕಟ್ಟಬಹುದಾ?

ಹಕ್ಕಿ_ಹಿಂದೆ

ಮರ ಇರುವ ಕಡೆ ಮರವೇ ಸಾಕು. ಪೆಟ್ಟಿಗೆ ಕಟ್ಟಿದರೆ ವರ್ಷ ವರ್ಷ ನೋಡಿಕೊಳ್ಳಬೇಕು. ಮಳೆಗೆ ಕೊಳೆಯುತ್ತೆ, ಇರುವೆ ಹತ್ತುತ್ತೆ, ಜೇನು ಕೂರುತ್ತೆ. ಬೊಲಿವಿಯಾದಲ್ಲಿ ಪೆಟ್ಟಿಗೆಯಲ್ಲಿ ಹುಟ್ಟಿದ ಮರಿಗಳು ದೊಡ್ಡವಾಗಿ ಮತ್ತೆ ಪೆಟ್ಟಿಗೆಯಲ್ಲೇ ಗೂಡು ಮಾಡಿದವು. ಒಳ್ಳೆಯದೇ. ಆದರೆ ಅಲ್ಲಿ ಅದನ್ನು ನೋಡಿಕೊಳ್ಳಲು ಕಾಯಂ ಜನ ಇದ್ದಾರೆ.

ಗೂಡಿನ ಮಟ್ಟದಲ್ಲಿ ಇನ್ನೊಂದು ಒಳ್ಳೆ ಕೆಲಸ ಪೆರು ದೇಶದ ತಂಬೊಪಾಟಾದಲ್ಲಿ ಆಗಿದೆ. ಕೆಂಪು ಮಕಾವ್ ಮೂರು ನಾಲ್ಕು ಮೊಟ್ಟೆ ಇಟ್ಟರೂ ಕೊನೆಯ ಮರಿಗಳಿಗೆ ತಾಯಿ ಗುಟುಕು ಕೊಡಲ್ಲ, ಹಸಿದು ಸಾಯುತ್ತವೆ. ಅಲ್ಲಿನವರು ಆ ಮರಿಗಳನ್ನು ಕೆಲವು ವಾರ ಸಾಕಿ, ಒಂದೇ ಮರಿ ಇರುವ ಬೇರೆ ಗೂಡಿಗೆ ಸೇರಿಸಿದರು. ಸಾಕುತಾಯಿ ಒಪ್ಪಿಕೊಂಡು ಗುಟುಕು ಕೊಟ್ಟಿತು. ಮರಿ ಮನುಷ್ಯರ ಜೊತೆ ಬೆಳೆಯದೆ ಹಕ್ಕಿಯ ಹತ್ತಿರವೇ ಬೆಳೆದು ಹಾರಿತು. ನನಗೆ ಎಲ್ಲ ಕಥೆಗಳಲ್ಲಿ ಇದೇ ಹೆಚ್ಚು ಇಷ್ಟ.

ಬಾಳೆಲೆ_ಹುಡುಗಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಚಿಕ್ಕಪ್ಪನಿಗೆ ಪೂರ್ತಿ ಓದಿ ಹೇಳಿದೆ. ಕಾಫಿ ಕಣದ ಹಕ್ಕಿಯ ವಿಷಯ ಬಂದಾಗ ಅವರು ಎದ್ದು ಪಂಜರದ ಹತ್ತಿರ ಹೋದರು. ಕಾಡಿಗೆ ಬಿಡುವ ಮಾತು ಬಿಟ್ಟಿದ್ದಾರೆ. ಈಗ ಮುಂದೇನು? ಯಾರಿಗಾದರೂ ಕೊಡಬಹುದಾ? ಕೆಲವರು ದುಡ್ಡು ಕೊಡುತ್ತೇವೆ ಅಂತಲೂ ಫೋನ್ ಮಾಡಿದ್ದಾರೆ.

ವೆಟ್_ಗೋಣಿಕೊಪ್ಪ

ಕಾಗದ ಪತ್ರ ಸರಿ ಮಾಡದೆ ಯಾರಿಗೂ ಕೊಡಬೇಡಿ. 2022ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿಯಾಗಿ, ವನ್ಯಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿ ಪಕ್ಷಿಗಳೂ ಕಾನೂನಿನೊಳಗೆ ಬಂದಿವೆ. ಮಕಾವ್‌ಗಳು ಆ ಪಟ್ಟಿಯಲ್ಲಿವೆ. 2024ರ ನಿಯಮದ ಪ್ರಕಾರ ಸಾಕಿರುವವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಹಕ್ಕಿ ಕೈ ಬದಲಾದರೆ, ಮರಿ ಆದರೆ, ಸತ್ತರೆ ಎಲ್ಲವನ್ನೂ ತಿಳಿಸಬೇಕು. ಕೊಂಡಾಗಿನ ರಸೀದಿ, ಕಾಲಿನ ಉಂಗುರದ ನಂಬರ್, ಫೋಟೊ ಎತ್ತಿಡಿ. ನೋಂದಣಿ ಆಗಿಲ್ಲದಿದ್ದರೆ ಮುಚ್ಚಿಡಬೇಡಿ. ಅರಣ್ಯ ಇಲಾಖೆ ಕಚೇರಿಗೆ ನೀವೇ ಹೋಗಿ ಇರುವುದನ್ನು ಇದ್ದ ಹಾಗೆ ಹೇಳಿ ಕೇಳಿ.

ಎರಡು ಹಕ್ಕಿಗಳನ್ನು ಬೇರೆ ಬೇರೆ ಮಾಡಬೇಡಿ. ಜೊತೆಯಾಗಿ ಬೆಳೆದವು. ಅಗಲಿಸಿದರೆ ತಮ್ಮ ಗರಿ ತಾವೇ ಕಿತ್ತುಕೊಳ್ಳುತ್ತವೆ. ಹಾರಲು ಜಾಗ ಇರುವ ದೊಡ್ಡ ಬಲೆಮನೆ ಇರುವವರು, ಇನ್ನೂ ಹಲವು ದಶಕ ನೋಡಿಕೊಳ್ಳಲು ಮನೆಯಲ್ಲಿ ಚಿಕ್ಕ ವಯಸ್ಸಿನವರೂ ಇರುವವರು ಸಿಕ್ಕರೆ ಒಳ್ಳೆಯದು. ದುಡ್ಡು ಜಾಸ್ತಿ ಕೊಡುವವರಿಗೆ ಅಂತ ನೋಡಬೇಡಿ.

ಬಾಳೆಲೆ_ಹುಡುಗಿ

ರಸೀದಿ ಅಲಮಾರಿಯಲ್ಲಿ ಸಿಕ್ಕಿತು, ಉಂಗುರದ ನಂಬರ್ ಬರೆದುಕೊಂಡೆ. ನಾಳೆ ಮೊದಲು ಮಾದರಿ ಕೊಟ್ಟು ಅಲ್ಲಿಂದಲೇ ಅರಣ್ಯ ಇಲಾಖೆ ಕಚೇರಿಗೆ ಹೋಗುತ್ತೇವೆ. ಚಿಕ್ಕಪ್ಪನೂ ಬರುತ್ತಾರೆ. ಡಾಕ್ಟ್ರೇ, ಗರಿಯನ್ನು ನಾವೇ ಕಿತ್ತು ತರಬೇಕಾ, ಹಕ್ಕಿಯನ್ನೇ ತರಬೇಕಾ?

ವೆಟ್_ಗೋಣಿಕೊಪ್ಪ

ಹಕ್ಕಿಯನ್ನೇ ತನ್ನಿ. ಬೆಳಿಗ್ಗೆ ತಂಪು ಹೊತ್ತಿನಲ್ಲಿ, ಚಿಕ್ಕ ಪಂಜರಕ್ಕೆ ತೆಳು ಬಟ್ಟೆ ಮುಚ್ಚಿ. ಪಂಜರದ ತಳಕ್ಕೆ ಹಳೆ ಪೇಪರ್ ಹಾಸಿ, ಹಿಕ್ಕೆಯೂ ನೋಡಬೇಕು.